ರಾತ್ರಿ ಬಿದ್ದ ಹಿಮವನ್ನು ಯಾರು ನೋಡಿದರು?

ಉಜ್ಬೆಕಿಸ್ತಾನದ ತಾಷ್ಕೆಂಟಿನಲ್ಲಿ ಚಳಿಗಾಲ. ಬೆಳಿಗ್ಗೆ ಎದ್ದು ಕಿಟಕಿ ತೆರೆದರೆ ಅಂಗಳವೆಲ್ಲ ಬೆಳ್ಳಗೆ. ಆಗ ಉಜ್ಬೆಕ್ ಮಾತಾಡುವವರು ‘ಕೋರ್ ಯೋಗಿಬ್ದಿ’ ಅನ್ನುತ್ತಾರೆ. ಕೋರ್ ಅಂದರೆ ಹಿಮ. ಆದರೆ ನನಗೆ ತುಂಬಾ ಇಷ್ಟವಾದದ್ದು ಆ ಕೊನೆಯ ‘ಇಬ್ದಿ’. ಹಿಮ ಬಿದ್ದಿದೆ, ಬೀಳುವಾಗ ನಾನು ನೋಡಲಿಲ್ಲ, ಈಗ ಗೊತ್ತಾಯಿತು ಎಂಬುದಷ್ಟನ್ನೂ ಅದೊಂದೇ ಹೇಳಿಬಿಡುತ್ತದೆ. ಬೀಳುವುದನ್ನು ಕಣ್ಣಾರೆ ಕಂಡವರಿಗೆ ‘ಕೋರ್ ಯೋಗ್ದಿ’ ಸಾಕು.

ಅವರಿವರ ಬಾಯಿಂದ ಬಂದ ಸುದ್ದಿಯಾದರೆ ‘ಎಮಿಶ್’ ಸೇರುತ್ತದೆ. ‘ಕರೀಮ್ ಕೆಲ್ಗನ್ ಎಮಿಶ್’ ಎಂದರೆ ಕರೀಮ ಬಂದಿದ್ದಾನಂತೆ. ನಮ್ಮ ‘ಅಂತೆ’ ಮಾಡುವ ಕೆಲಸವೇ, ಅಲ್ವಾ? ಪಾರ್ಸೆಲ್ ಮೇಲೆ ಕಳಿಸಿದವರ ವಿಳಾಸ ಇರುತ್ತದಲ್ಲ, ಹಾಗೆ ಸುದ್ದಿಗೊಂದು ಚೀಟಿ. ಅಥವಾ ಕೋರ್ಟಿನ ಸಾಕ್ಷಿಯನ್ನು ನೆನೆಯಿರಿ. ‘ಕಂಡೆ’, ‘ಗುರುತು ನೋಡಿ ತಿಳಿದೆ’, ‘ಯಾರೋ ಹೇಳಿದರು’, ಮೂರಕ್ಕೂ ತೂಕ ಬೇರೆ. ಇಲ್ಲಿ ಆ ತಕ್ಕಡಿ ಕ್ರಿಯಾಪದದ ಬಾಲದಲ್ಲೇ ಇದೆ. ಉಜ್ಬೆಕರ ಅಜ್ಜಿಕತೆಗಳು ಶುರುವಾಗುವುದು ‘ಬಿರ್ ಬೋರ್ ಎಕನ್, ಬಿರ್ ಯೋಕ್ ಎಕನ್’ ಎಂದು. ಒಬ್ಬ ಇದ್ದನಂತೆ, ಒಬ್ಬ ಇರಲಿಲ್ಲವಂತೆ. ‘ಉಖ್ಲಬ್ ಕೋಲಿಬ್ಮನ್’ ಇನ್ನೂ ಸೊಗಸು: ನನಗೇ ಗೊತ್ತಾಗದೆ ನಿದ್ದೆ ಹೋಗಿಬಿಟ್ಟಿದ್ದೇನೆ. ತನ್ನ ನಿದ್ದೆಗೆ ತಾನೇ ಸಾಕ್ಷಿ ಹೇಳೋಕಾಗಲ್ಲ!

ಇದನ್ನು ಕೇಳಿದ ಕೂಡಲೇ ‘ಹಾಗಾದರೆ ಉಜ್ಬೆಕರು ಸತ್ಯವಂತರು’ ಎನ್ನುವವರಿದ್ದಾರೆ. ದಯವಿಟ್ಟು ನಂಬಬೇಡಿ. ಟರ್ಕಿಶ್‌ನಲ್ಲೂ ಬಲ್ಗೇರಿಯನ್‌ನಲ್ಲೂ ಇಂಥ ರೂಪಗಳಿವೆ. ಸುಳ್ಳು ಹೇಳುವವರು ಎಲ್ಲ ಊರಲ್ಲೂ ಇದ್ದಾರೆ. ವ್ಯಾಕರಣದಿಂದ ಜನರ ಗುಣ ಅಳೆಯುವುದು ಜಾತಕ ನೋಡಿ ಗುಣ ಹೇಳಿದಷ್ಟೇ ತಪ್ಪು. ಅವರು ಯಾರ ಜೊತೆ ಬಾಳಿದರು ಎಂಬುದನ್ನು ಮಾತ್ರ ವ್ಯಾಕರಣ ಚೆನ್ನಾಗಿ ಹೇಳುತ್ತದೆ.

ಉಜ್ಬೆಕ್‌ನ ಬಳಗದ್ದೇ ಆದ ಟರ್ಕಿಶ್‌ನಲ್ಲಿ ಪುಸ್ತಕಗಳು ‘ಕಿತಾಪ್‌ಲಾರ್’, ಮನೆಗಳು ‘ಎವ್‌ಲೆರ್’. ಪದದ ಸ್ವರ ನೋಡಿ ಪ್ರತ್ಯಯವೂ ಸ್ವರ ಬದಲಿಸುತ್ತದೆ. ಶಿಷ್ಟ ಉಜ್ಬೆಕ್‌ನಲ್ಲಿ ‘ಕಿತೋಬ್‌ಲಾರ್’, ‘ಉಯ್‌ಲಾರ್’. ಎಲ್ಲಕ್ಕೂ ‘ಲಾರ್’ ಒಂದೇ. ಉಜ್ಬೆಕಿಸ್ತಾನದ್ದೇ ಊರುಗಳಾದ ಸಮರ್‌ಕಂದ್, ಬುಖಾರಾ ಕಡೆ ಪರ್ಷಿಯನ್ ಬಳಗದ ತಾಜಿಕ್ ಮಾತಾಡುವವರು ಇವತ್ತಿಗೂ ಬಹಳ. ಶತಮಾನಗಳ ಕಾಲ ಒಂದೇ ಪೇಟೆಯಲ್ಲಿ ಎರಡು ನುಡಿ ಬೆರೆತು ಆ ಸ್ವರದ ಹೊಂದಾಣಿಕೆ ಸಡಿಲವಾಯಿತು. ಉಜ್ಬೆಕ್‌ನ ಹಿಂದಿನ ರೂಪದಲ್ಲಿ ಬರೆದ ದೊಡ್ಡ ಕವಿ ಅಲಿಶೇರ್ ನವಾಯಿ. ತುರ್ಕಿ ಬಳಗದ ತನ್ನ ನುಡಿ ಪರ್ಷಿಯನ್‌ಗಿಂತ ಶ್ರೀಮಂತ ಎಂದು 1499ರಲ್ಲಿ ವಾದ ಹೂಡಿದ. ಪರ್ಷಿಯನ್‌ನಲ್ಲಿ ಸಾಟಿಯಿಲ್ಲದ 100 ಕ್ರಿಯಾಪದಗಳನ್ನು ಎಣಿಸಿ ತೋರಿಸಿದ. ಅದೇ ನವಾಯಿ ಪರ್ಷಿಯನ್‌ನಲ್ಲೂ ಕವಿತೆ ಬರೆದ!

ಮನೆಯೊಳಗೆ ಬಂದರೆ ನಮಗೆ ಹೊಸದೇನೂ ಅನ್ನಿಸುವುದಿಲ್ಲ. ಅಣ್ಣ ‘ಅಕಾ’, ತಮ್ಮ ‘ಉಕಾ’, ಅಕ್ಕ ‘ಓಪಾ’, ತಂಗಿ ‘ಸಿಂಗಿಲ್’. ‘ಅಕಾ’ ಕೇಳಿ ನಮ್ಮ ಅಕ್ಕನ ಜೊತೆ ನಂಟು ಕಟ್ಟಬೇಡಿ, ಅದು ಸುಮ್ನೆ ಕಾಕತಾಳೀಯ. ಅವನು, ಅವಳು, ಅದು ಮೂರಕ್ಕೂ ‘ಉ’ ಒಂದೇ. ಗಂಡು ಹೆಣ್ಣು ಎಂದು ಕೇಳದ ಈ ನುಡಿ ಹಿರಿಯರು ಯಾರು ಎಂದು ಮಾತ್ರ ಬಿಡದೆ ಕೇಳುತ್ತದೆ. ತಮ್ಮ ಬಂದರೆ ‘ಉಕಮ್ ಕೆಲ್ದಿ’. ಅಪ್ಪ ಬಂದರೆ ‘ದಾದಮ್ ಕೆಲ್ದಿಲಾರ್’. ಪುಸ್ತಕಗಳ ಹಿಂದಿದ್ದ ಅದೇ ‘ಲಾರ್’ ಈಗ ಒಬ್ಬರೇ ಅಪ್ಪನ ಹಿಂದೆ ಬಂದಿದೆ, ನಮ್ಮನೆ ಅಪ್ಪ ಒಬ್ಬರೇ ಆದರೂ ‘ಬಂದರು’ ಅನ್ನುತ್ತೇವಲ್ಲ, ಹಾಗೆ.