ಹಳೆಯ ಎಂಜಿನ್, ಹೊಸ ಆಯಿಲ್: ಸೋರುವ ಭಯ ಹುಟ್ಟಿದ್ದು ಎಲ್ಲಿ?

ಲಕ್ಷ ಕಿಲೋಮೀಟರ್ ದಾಟಿದ ಕಾರಿಗೆ ಸಿಂಥೆಟಿಕ್ ಆಯಿಲ್ (ಕಾರ್ಖಾನೆಯಲ್ಲಿ ರಾಸಾಯನಿಕವಾಗಿ ಕಟ್ಟಿದ ಎಂಜಿನ್ ಆಯಿಲ್) ಹಾಕಿಸುತ್ತೇನೆ ಎಂದರೆ ನಮ್ಮ ಗ್ಯಾರೇಜುಗಳಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ‘ಬೇಡ ಸಾರ್, ಸೀಲ್ ಹೋಗುತ್ತದೆ, ಸೋರುವುದಕ್ಕೆ ಶುರುವಾಗುತ್ತದೆ.’ ಸೀಲ್ ಎಂದರೆ ತಿರುಗುವ ಶಾಫ್ಟಿನ ಸುತ್ತ ಕೂತು ಆಯಿಲ್ ಹೊರಬಾರದಂತೆ ತಡೆಯುವ ರಬ್ಬರ್ ಬಳೆ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹಿಡಿದು ಊರ ಬಸ್ ನಿಲ್ದಾಣದ ಪಕ್ಕದ ಶೆಡ್ಡಿನವರೆಗೆ ಈ ಮಾತು ವೇದವಾಕ್ಯವಾಗಿದೆ. ಇದನ್ನು ಮೂಢನಂಬಿಕೆ ಎಂದು ನಗುವವರೂ ಇದ್ದಾರೆ. ನಗುವ ಮೊದಲು ಚರಿತ್ರೆ ನೋಡಬೇಕು. ಒಂದು ಕಾಲಕ್ಕೆ ಈ ಮಾತು ನಿಜವೇ ಆಗಿತ್ತು. ಆಗ ಅದು ಸಿಂಥೆಟಿಕ್ ಬಗ್ಗೆ ಹೇಳಿದ ಮಾತೂ ಆಗಿರಲಿಲ್ಲ.

1930ರ ದಶಕದಲ್ಲಿ ಅಮೆರಿಕದ ಕ್ಯಾಟರ್‌ಪಿಲ್ಲರ್ ಡೀಸೆಲ್ ಎಂಜಿನ್‌ಗಳ ಪಿಸ್ಟನ್ ರಿಂಗ್‌ಗಳು ಮಸಿ ಹಿಡಿದು ಅಂಟಿಕೊಳ್ಳುತ್ತಿದ್ದವು. ಅದಕ್ಕೆ ಪರಿಹಾರವಾಗಿ ಆಯಿಲ್‌ಗೆ ಕೊಳೆ ಬಿಡಿಸುವ ರಾಸಾಯನಿಕ, ಅಂದರೆ ಡಿಟರ್ಜೆಂಟ್, ಸೇರಿಸುವ ಕ್ರಮ ಬಂತು. ಕ್ಯಾಲಿಫೋರ್ನಿಯಾದ ಸ್ಟ್ಯಾಂಡರ್ಡ್ ಆಯಿಲ್ ಕಂಪನಿ 1935ರಲ್ಲಿ ‘ಡೆಲೋ’ ಎಂಬ ಹೆಸರಿನಲ್ಲಿ ಅಂಥ ಆಯಿಲ್ ತಂದಿತು. ಯುದ್ಧದ ನಂತರ ಅದೇ ತಂತ್ರ ಪೆಟ್ರೋಲ್ ಕಾರುಗಳಿಗೂ ಹಬ್ಬಿತು. ತೊಂದರೆ ಶುರುವಾದದ್ದು ಅಲ್ಲಿ. ವರ್ಷಗಟ್ಟಲೆ ಸಾದಾ ಆಯಿಲ್ ಕುಡಿದ ಎಂಜಿನ್ನಿನ ಒಳಗೆ, ಗಾಣದೆಣ್ಣೆಯ ಡಬ್ಬದ ತಳದಂತೆ, ಕಪ್ಪು ಗಸಿ ಕೂತಿರುತ್ತಿತ್ತು. ಹೊಸ ಆಯಿಲ್ ಅದನ್ನು ಚಕ್ಕೆ ಚಕ್ಕೆಯಾಗಿ ಎಬ್ಬಿಸಿ ಆಯಿಲ್ ಪಂಪಿನ ಜರಡಿಗೆ ತಂದು ಹಾಕುತ್ತಿತ್ತು. ಸವೆದ ಸೀಲಿನ ಸಂದಿಯನ್ನು ಅಷ್ಟು ದಿನ ಮುಚ್ಚಿ ಮರ್ಯಾದೆ ಕಾಪಾಡಿದ್ದೂ ಆ ಗಸಿಯೇ. ಅದು ಹೋದ ಕೂಡಲೇ ನೆಲದ ಮೇಲೆ ಹನಿ. ಹಳೆಯ ಗಾಡಿಗೆ ಡಿಟರ್ಜೆಂಟ್ ಆಯಿಲ್ ಬೇಡ ಎಂದು ಅಂದಿನ ಮೆಕ್ಯಾನಿಕ್‌ಗಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಇಂದು ಅಂಗಡಿಯಲ್ಲಿ ಸಿಗುವ ತೀರಾ ಸಾಮಾನ್ಯ ಮಿನರಲ್ (ಕಚ್ಚಾತೈಲವನ್ನು ಶುದ್ಧೀಕರಿಸಿ ತೆಗೆದ) ಆಯಿಲ್‌ನಲ್ಲಿಯೂ ಡಿಟರ್ಜೆಂಟ್ ಇದೆ ಎಂಬುದನ್ನು ಮಾತ್ರ ಭಯದ ಜೊತೆಗೆ ಯಾರೂ ದಾಟಿಸಲಿಲ್ಲ.

ಸಿಂಥೆಟಿಕ್‌ನ ಕತೆ ಬೇರೆ. ಅದರ ಬೇರು ಯುದ್ಧಕಾಲದ ಜರ್ಮನಿಯಲ್ಲಿದೆ. ಐ.ಜಿ. ಫಾರ್ಬೆನ್ ಕಂಪನಿಯ ಹರ್ಮನ್ ಝೋರ್ನ್ 1938ರಿಂದ 1944ರವರೆಗೆ ಆಮ್ಲ ಮತ್ತು ಆಲ್ಕೊಹಾಲ್ ಕೂಡಿಸಿ ಪಡೆಯುವ ಎಸ್ಟರ್ ಎಂಬ ಸಂಯುಕ್ತಗಳ ಬೆನ್ನು ಹತ್ತಿ, ಮೂರೂವರೆ ಸಾವಿರಕ್ಕೂ ಹೆಚ್ಚು ಎಸ್ಟರ್‌ಗಳನ್ನು ತಯಾರಿಸಿ ನೋಡಿದರು. ಸಸ್ಯಜನ್ಯ ಎಣ್ಣೆಗಳ ಜಾರುಗುಣ ಬೇಕು, ಅವುಗಳಂತೆ ಅಂಟಾಗುವ ಚಾಳಿ ಬೇಡ. ಅವರ ಹುಡುಕಾಟ ಇದಾಗಿತ್ತು. ಆಮೇಲೆ ಜೆಟ್ ವಿಮಾನದ ಬಿಸಿ, ಚಳಿ ಎರಡನ್ನೂ ಮಿನರಲ್ ಆಯಿಲ್ ತಾಳಲಾರದೆ ಹೋದಾಗ ಎಸ್ಟರ್‌ಗಳೇ ಗತಿಯಾದವು. ಆ ಎಸ್ಟರ್‌ಗಳಲ್ಲಿ ಕೆಲವಕ್ಕೆ ಮೂಲವಸ್ತುವಾದ ಸೆಬಾಸಿಕ್ ಆಮ್ಲವನ್ನು ತೆಗೆಯುವುದು ಹರಳೆಣ್ಣೆಯಿಂದ. ನಮ್ಮ ಹೊಲದ ಬದುವಿನ ಔಡಲ ಜೆಟ್ ಎಂಜಿನ್ನಿಗೂ ಸಂಬಂಧಿಕನೇ.

ಕಾರಿಗೆ ಸಿಂಥೆಟಿಕ್ ಆಯಿಲ್ ತಂದವರೂ ವಿಮಾನದ ಕಡೆಯವರು. ಯುದ್ಧವಿಮಾನಗಳ ದಳವೊಂದರ ಮುಖ್ಯಸ್ಥರಾಗಿದ್ದ ಆಲ್ಬರ್ಟ್ ಅಮಾಟೂಜಿಯೊ ಸ್ಥಾಪಿಸಿದ ಆಮ್ಸಾಯಿಲ್ ಕಂಪನಿ 1972ರಲ್ಲಿ ಕಾರಿನ ಸಿಂಥೆಟಿಕ್ ಆಯಿಲ್‌ಗೆ ಎಪಿಐ (ಆಯಿಲ್‌ಗಳ ಗುಣಮಟ್ಟ ಗೊತ್ತುಮಾಡುವ ಅಮೆರಿಕನ್ ಪೆಟ್ರೋಲಿಯಂ ಸಂಸ್ಥೆ) ಮಾನ್ಯತೆ ಪಡೆಯಿತು. 1973ರ ತೈಲ ಬಿಕ್ಕಟ್ಟು ಇಂಧನ ಉಳಿಸುವ ಯಾವ ಸರಕಿಗೂ ಬೇಡಿಕೆ ತಂದಿತು. 1974ರಲ್ಲಿ ಯುರೋಪಿನಲ್ಲಿ, ಆಮೇಲೆ ಅಮೆರಿಕದಲ್ಲಿ ‘ಮೊಬಿಲ್ 1’ ಮಾರುಕಟ್ಟೆಗೆ ಬಂತು. ಅದು ಎಸ್ಟರ್ ಅಲ್ಲ; ಮುಖ್ಯವಾಗಿ ಪಿಎಒ ಎಂದು ಕರೆಯುವ, ಕಾರ್ಖಾನೆಯಲ್ಲಿ ಅಣು ಪೋಣಿಸಿ ಕಟ್ಟಿದ ಹೈಡ್ರೋಕಾರ್ಬನ್.

ಸೀಲಿನ ಅಪವಾದ ಅಂಟಿಕೊಂಡದ್ದು ಇಲ್ಲಿ. ಆ ಕಾಲದ ಆಯಿಲ್ ಸೀಲ್‌ಗಳಲ್ಲಿ ಬಹಳಷ್ಟು ನೈಟ್ರೈಲ್ ರಬ್ಬರಿನವು. ಮಿನರಲ್ ಆಯಿಲ್‌ನಲ್ಲಿದ್ದ ಕೆಲವು ಸಂಯುಕ್ತಗಳು ರಬ್ಬರಿನೊಳಗೆ ಇಳಿದು ಅದನ್ನು ಸ್ವಲ್ಪ ಉಬ್ಬಿಸಿ ಇಡುತ್ತಿದ್ದವು. ಸೀಲಿನ ತುಟಿ ಶಾಫ್ಟಿಗೆ ಒತ್ತಿಕೊಂಡಿರುತ್ತಿತ್ತು. ಪಿಎಒ ಆ ಕೆಲಸ ಮಾಡುವುದಿಲ್ಲ. ಒಳಗಿದ್ದುದು ಹೊರಟುಹೋಗಿ ರಬ್ಬರ್ ಕುಗ್ಗುತ್ತದೆ. ಹೊಸ ಸೀಲಾದರೆ ಸಹಿಸೀತು. ಶಾಖಕ್ಕೆ ಒಣಗಿ ಗಟ್ಟಿಯಾದದ್ದು ಬಿಟ್ಟುಕೊಡುತ್ತದೆ. ಇದರ ಮದ್ದು ತಯಾರಕರಿಗೆ ಬೇಗ ತಿಳಿಯಿತು: ರಬ್ಬರನ್ನು ಉಬ್ಬಿಸುವ ಎಸ್ಟರ್ ಅನ್ನು ಪಿಎಒ ಜೊತೆ ಹದವಾಗಿ ಬೆರೆಸಿದರೆ ಲೆಕ್ಕ ಸರಿಹೋಗುತ್ತದೆ. ಆದರೆ ಆಯಿಲ್ ಬದಲಾದಷ್ಟು ಬೇಗ ಹೆಸರು ಬದಲಾಗುವುದಿಲ್ಲ.

ಇನ್ನೊಂದು ಸಂಗತಿ ಯಾರ ಕಣ್ಣಿಗೂ ಅಷ್ಟಾಗಿ ಬೀಳಲಿಲ್ಲ. ಆರಂಭದ ಮೊಬಿಲ್ 1ರ ಗ್ರೇಡ್, ಅಂದರೆ ಆಯಿಲ್ ಎಷ್ಟು ಮಂದ ಎಂದು ಹೇಳುವ ಅಂಕಿ, 5ಡಬ್ಲ್ಯೂ-20; ಅಂಕಿ ಹೆಚ್ಚಿದಷ್ಟೂ ಆಯಿಲ್ ಮಂದ. ಜನ 10ಡಬ್ಲ್ಯೂ-40, 20ಡಬ್ಲ್ಯೂ-50 ಸುರಿಯುತ್ತಿದ್ದ ದಿನಗಳಲ್ಲಿ ಅದು ನೀರಿನಷ್ಟು ತೆಳು ಎನಿಸಿದ್ದರೆ ಆಶ್ಚರ್ಯವಿಲ್ಲ. ಹಳೆಯ ಎಂಜಿನ್ ಸೋರಿದ್ದಕ್ಕೆ ಸಿಂಥೆಟಿಕ್ ಎಷ್ಟು ಕಾರಣ, ತೆಳುತನ ಎಷ್ಟು ಕಾರಣ ಎಂದು ಗ್ಯಾರೇಜಿನಲ್ಲಿ ಬೇರ್ಪಡಿಸುವವರು ಯಾರು?

1990ರ ದಶಕದ ಕೊನೆಗೆ ಸಿಂಥೆಟಿಕ್‌ನ ಹೂರಣವೇ ಬದಲಾಯಿತು. ಕ್ಯಾಸ್ಟ್ರಾಲ್ ತನ್ನ ಸಿಂಟೆಕ್ ಆಯಿಲ್‌ನಲ್ಲಿ ದುಬಾರಿ ಪಿಎಒ ಬಿಟ್ಟು, ಕಚ್ಚಾತೈಲವನ್ನೇ ಹೈಡ್ರೋಜನ್‌ನಿಂದ ಕಠಿಣವಾಗಿ ಸಂಸ್ಕರಿಸಿದ ‘ಗ್ರೂಪ್ 3’ ತೈಲ ಬಳಸತೊಡಗಿತು. ಇದು ಸಿಂಥೆಟಿಕ್ ಹೇಗಾಗುತ್ತದೆ ಎಂದು ಮೊಬಿಲ್ ಕಂಪನಿ ಅಮೆರಿಕದ ಜಾಹೀರಾತು ಉದ್ಯಮದ ಸ್ವಯಂನಿಯಂತ್ರಣ ಮಂಡಳಿಗೆ ದೂರು ಕೊಟ್ಟಿತು. 1999ರಲ್ಲಿ ತೀರ್ಪು ಕ್ಯಾಸ್ಟ್ರಾಲ್ ಪರ ಬಂತು. ಶುದ್ಧ ಪಿಎಒ ಅಭಿಮಾನಿಗಳಿಗೆ ಇಂದಿಗೂ ಅದು ಮೋಸದಂತೆ ಕಾಣುತ್ತದೆ. ನನಗೆ ಆ ಸಿಟ್ಟು ಅರ್ಥವಾಗುತ್ತದೆ, ಆದರೆ ಹಳೆಯ ಕಾರಿನವರು ಅದನ್ನು ಹಂಚಿಕೊಳ್ಳಬೇಕಿಲ್ಲ. ಗ್ರೂಪ್ 3 ತೈಲವೂ ರಬ್ಬರನ್ನು ಹೆಚ್ಚು ಉಬ್ಬಿಸುವುದಿಲ್ಲ; ಆ ಕೊರತೆಯನ್ನು ತಯಾರಕರು ಬೆರಕೆಯಲ್ಲೇ ಸರಿದೂಗಿಸುತ್ತಾರೆ. ಮರುವರ್ಷ, 2000ದಲ್ಲಿ, ವ್ಯಾಲ್ವೊಲೀನ್ ಕಂಪನಿ 75 ಸಾವಿರ ಮೈಲಿ, ಅಂದರೆ ಸುಮಾರು 1.2 ಲಕ್ಷ ಕಿಲೋಮೀಟರ್ ದಾಟಿದ ಗಾಡಿಗಳಿಗೆಂದೇ ಮ್ಯಾಕ್ಸ್‌ಲೈಫ್ ಆಯಿಲ್ ತಂದಿತು. ಸೀಲನ್ನು ಮೃದುಮಾಡಿ ತುಸು ಉಬ್ಬಿಸುವ ವಸ್ತುಗಳೇ ಅದರ ಬಂಡವಾಳ.

ಹಾಗಾದರೆ ಇಂದು ನಮ್ಮಲ್ಲಿ ಸಿಂಥೆಟಿಕ್ ಹಾಕಿದ ಮೇಲೆ ಸೋರಿತು ಎನ್ನುವವರು ಸುಳ್ಳು ಹೇಳುತ್ತಿದ್ದಾರೆಯೇ? ಇಲ್ಲ. ಅವರು ಡಬ್ಬದ ಮೇಲಿನ ದೊಡ್ಡ ಅಕ್ಷರ ಓದುತ್ತಾರೆ, ಗ್ರೇಡ್ ಓದುವುದಿಲ್ಲ. ನೂರು ಡಿಗ್ರಿ ಬಿಸಿಯಲ್ಲಿ 50 ಗ್ರೇಡಿನ ಆಯಿಲ್‌ನ ಸ್ನಿಗ್ಧತೆ 16.3ರಿಂದ 21.9 ಸೆಂಟಿಸ್ಟೋಕ್, 30 ಗ್ರೇಡಿನದು 9.3ರಿಂದ 12.5. ಇಪ್ಪತ್ತು ವರ್ಷ 20ಡಬ್ಲ್ಯೂ-50ರಲ್ಲಿ ಓಡಿದ ಎಂಜಿನ್ನಿಗೆ 5ಡಬ್ಲ್ಯೂ-30 ಸುರಿದರೆ, ಬಿಸಿಯಾದಾಗ ಅದು ಹೆಚ್ಚುಕಡಿಮೆ ಅರ್ಧದಷ್ಟೇ ಮಂದ. ಸವೆದ ಬೇರಿಂಗಿನ ಸಂದಿಯಲ್ಲಿ ಅದು ನಿಲ್ಲುವುದಿಲ್ಲ, ಸಿಗ್ನಲ್‌ನಲ್ಲಿ ನಿಂತಾಗ ಆಯಿಲ್ ದೀಪ ಮಿಣುಕುತ್ತದೆ, ರಿಂಗ್ ದಾಟಿ ಹೊಗೆಯಾಗುತ್ತದೆ. ಅದೇ ಗ್ರೇಡಿನ ಮಿನರಲ್ ಹಾಕಿದ್ದರೂ ಇದೇ ಆಗುತ್ತಿತ್ತು. ಡಬ್ಲ್ಯೂಗೆ ಮೊದಲು ಬರುವ ಅಂಕಿ ಚಳಿಗೆ ಸಂಬಂಧಿಸಿದ್ದು. ಮೈಸೂರಿನ ಬೆಳಗಿನ ಚಳಿಗೆ ಅದು ತಲೆಕೆಡಿಸಿಕೊಳ್ಳುವ ವಿಷಯವಲ್ಲ. ಡಬ್ಲ್ಯೂ ನಂತರ ಬರುವ ಅಂಕಿಯನ್ನು ಕೈಪಿಡಿ ಹೇಳಿದಂತೆ ಉಳಿಸಿಕೊಂಡರೆ, 15ಡಬ್ಲ್ಯೂ-50 ಅಥವಾ 10ಡಬ್ಲ್ಯೂ-40 ಸಿಂಥೆಟಿಕ್ ಹಳೆಯ ಎಂಜಿನ್ನಿಗೆ ಹೆದರುವಂಥದ್ದಲ್ಲ. ಬೇಸಿಗೆಯಲ್ಲಿ ಗಂಟೆಗಟ್ಟಲೆ ಟ್ರಾಫಿಕ್ಕಿನಲ್ಲಿ ಬೇಯುವ ಕಾರಿಗೆ ಅದರಿಂದ ನಿಜವಾದ ಲಾಭವೂ ಇದೆ, ಏಕೆಂದರೆ ಅದು ಬೇಗ ಆವಿಯಾಗುವುದಿಲ್ಲ, ಬೇಗ ಗಸಿಗಟ್ಟುವುದಿಲ್ಲ.

ಬದಲಾಯಿಸುವ ಮುನ್ನ ಆಯಿಲ್ ತುಂಬುವ ಮುಚ್ಚಳ ಬಿಚ್ಚಿ, ಒಳಮೈಗೆ ಬೆರಳಾಡಿಸಿ ನೋಡಿ. ತೆಳು ಕಂದು ಬಣ್ಣವಷ್ಟೇ ಇದ್ದರೆ ನಿಶ್ಚಿಂತೆ. ಬೆರಳಿಗೆ ಮುದ್ದೆಯಾಗಿ ಕಪ್ಪು ಬಂದರೆ ಒಳಗೆ ಗಸಿ ಇದೆ; ಮೊದಲ ಒಂದೆರಡು ಸಲ ಆಯಿಲನ್ನೂ ಫಿಲ್ಟರನ್ನೂ ಅವಧಿಗೆ ಮೊದಲೇ ಬದಲಿಸಬೇಕು. ಡೀಸೆಲ್ ಅಥವಾ ಸೀಮೆಎಣ್ಣೆ ಸುರಿದು ಎಂಜಿನ್ ತೊಳೆಯುವ ಗ್ಯಾರೇಜಿನ ಪದ್ಧತಿಗೆ ಮಾತ್ರ ಒಪ್ಪಬೇಡಿ. ಗಸಿಯನ್ನು ಒಮ್ಮೆಲೇ ಎಬ್ಬಿಸಿ ಜರಡಿ ಕಟ್ಟಿಸುವ ಆ ಹಳೆಯ ಅನಾಹುತವನ್ನು ದುಡ್ಡು ಕೊಟ್ಟು ತರಿಸಿಕೊಂಡಂತೆ.

ಸಾವಿರ ಕಿಲೋಮೀಟರಿಗೆ ಲೀಟರ್ ಆಯಿಲ್ ತಿನ್ನುವ ಎಂಜಿನ್ನಿಗೆ ಸಿಂಥೆಟಿಕ್ ಹಾಕುವುದು ದಂಡ. ಅದಕ್ಕೆ ಮಿನರಲ್ ಸಾಕು, ಉಳಿದ ಹಣ ರಿಂಗ್ ಕೆಲಸಕ್ಕೆ ಇರಲಿ. ಎಂಜಿನ್ನಿನ ತಲೆಯ ಮೇಲಿನ ಮುಚ್ಚಳದಿಂದ, ಅಂದರೆ ಟ್ಯಾಪೆಟ್ ಕವರಿನಿಂದ, ಜಿನುಗುತ್ತಿದ್ದರೆ ಗ್ಯಾಸ್ಕೆಟ್ ಬದಲಿಸುವುದು ಸಣ್ಣ ಕೆಲಸ, ಅದನ್ನು ಮುಗಿಸಿಯೇ ಮುಂದುವರಿಯಬೇಕು. ಕ್ರ್ಯಾಂಕಿನ ಹಿಂದಿನ ಸೀಲ್ ಹಾಗಲ್ಲ. ಸೀಲಿನ ಬೆಲೆ ಅಲ್ಪ, ಆದರೆ ಅದನ್ನು ಮುಟ್ಟಲು ಗೇರ್‌ಬಾಕ್ಸ್ ಇಳಿಸಬೇಕು, ಕೂಲಿಯೇ ಹೆಚ್ಚು. ಅಲ್ಲಿ ಜಿನುಗು ಸಣ್ಣದಾಗಿದ್ದರೆ ಹೆಚ್ಚು ಓಡಿದ ಗಾಡಿಗೆಂದು ಮಾರುವ ಆಯಿಲ್ ಪ್ರಯತ್ನಿಸಬಹುದು. ಕ್ಲಚ್ ಬದಲಿಸಲು ಹೇಗೂ ಗೇರ್‌ಬಾಕ್ಸ್ ಇಳಿಸುವ ದಿನ ಬಂದಾಗ ಸೀಲನ್ನೂ ಹಾಕಿಸಿದರಾಯಿತು.