ಮೊಟ್ಟೆ ಇಲ್ಲದಿದ್ದರೂ ಕಾವು ಕೂರುವ ಕೋಳಿ

ರೇಷ್ಮೆಯಂಥ ಪುಕ್ಕದ ಸಿಲ್ಕಿ ಕೋಳಿ ಸಾಕಿದವರಿಗೆ ಈ ನೋಟ ಚೆನ್ನಾಗಿ ಗೊತ್ತು. ಗೂಡಿನ ಮೂಲೆಯಲ್ಲಿ ಹೇಟೆ ಮೈ ಹರಡಿಕೊಂಡು ಚಪ್ಪಟೆಯಾಗಿ ಕೂತಿರುತ್ತದೆ. ಕೈ ಹತ್ತಿರ ತಂದರೆ ಉಬ್ಬಿಕೊಂಡು ಗುರ್ ಅನ್ನುತ್ತದೆ. ಎತ್ತಿ ನೋಡಿದರೆ ಕೆಳಗೆ ಬರೀ ಹುಲ್ಲು. ಮೊಟ್ಟೆಯನ್ನೆಲ್ಲ ಆಗಲೇ ತೆಗೆದಾಗಿದೆ. ಆದರೂ ನೆಲಕ್ಕೆ ಬಿಟ್ಟ ಕೂಡಲೇ ಓಡಿಹೋಗಿ ಅದೇ ಜಾಗದಲ್ಲಿ ಕೂರುತ್ತದೆ. ಒಂದು ಗುಂಡುಕಲ್ಲು ಸಿಕ್ಕರೆ ಅದಕ್ಕೂ ಕಾವು ಕೊಡುತ್ತದೆ.

ಇದನ್ನು ಕೋಳಿಯ ಹಟ ಅನ್ನುವವರಿದ್ದಾರೆ. ಅದರ ಮೈಯೊಳಗೆ ಏನು ನಡೆಯುತ್ತಿದೆ ಎಂದು ತಿಳಿದರೆ ಹಾಗನ್ನಲು ಮನಸ್ಸು ಬರುವುದಿಲ್ಲ.

ಮೆದುಳಿನ ಬುಡದಲ್ಲಿ ಪಿಟ್ಯುಟರಿ ಎಂಬ ಪುಟ್ಟ ಗ್ರಂಥಿ ಇದೆ. ಅದು ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಹಸು, ಮೇಕೆ, ಮನುಷ್ಯರಲ್ಲಿ ಹಾಲು ಬರಲು ಬೇಕಾದದ್ದೂ ಇದೇ. 1935ರಲ್ಲಿ ಅಮೆರಿಕದ ವಿಜ್ಞಾನಿ ಆಸ್ಕರ್ ರಿಡಲ್ ಮತ್ತು ಅವರ ಜೊತೆಗಾರರು ಮೊಟ್ಟೆ ಇಡುತ್ತಿದ್ದ ಕೋಳಿಗಳಿಗೆ ಪ್ರೊಲ್ಯಾಕ್ಟಿನ್ ಚುಚ್ಚಿ, ಅವು ಕಾವು ಕೂರುವಂತೆ ಮಾಡಿ ತೋರಿಸಿದರು. ಈ ಹಾರ್ಮೋನು ಏರಿದಾಗ ಅಂಡಾಶಯ ಕುಗ್ಗುತ್ತದೆ, ಮೊಟ್ಟೆ ನಿಲ್ಲುತ್ತದೆ, ಹಸಿವು ಕಡಿಮೆಯಾಗುತ್ತದೆ. ಎದೆಯಡಿಯ ಪುಕ್ಕ ಹೋಗಿ ಚರ್ಮ ಬರಿದಾಗುತ್ತದೆ, ಅಲ್ಲಿ ರಕ್ತದ ಓಡಾಟ ಜಾಸ್ತಿಯಾಗುತ್ತದೆ. ಆ ಬರಿಯ ಚರ್ಮಕ್ಕೆ ಮೊಟ್ಟೆ ಅಥವಾ ಹುಲ್ಲು ತಾಗಿದಷ್ಟೂ ಮೆದುಳಿಗೆ ಸುದ್ದಿ ಹೋಗಿ ಪ್ರೊಲ್ಯಾಕ್ಟಿನ್ ಬರುತ್ತಲೇ ಇರುತ್ತದೆ. ಅಂದರೆ, ಕೂತಷ್ಟೂ ಇನ್ನೂ ಕೂರಬೇಕು ಅನಿಸುವ ಹಾಗೆ ಅದರ ದೇಹವೇ ಏರ್ಪಾಡು ಮಾಡಿಕೊಂಡಿದೆ.

ವೈಟ್ ಲೆಗಾರ್ನ್‌ನಂಥ ಫಾರಂ ತಳಿಗಳಲ್ಲಿ ಈ ಗುಣ ಹೆಚ್ಚುಕಡಿಮೆ ಅಳಿದೇ ಹೋಗಿದೆ. ಕಾವು ಕೂತ ಕೋಳಿ ಮೊಟ್ಟೆ ಇಡುವುದಿಲ್ಲವಲ್ಲ, ಹಾಗಾಗಿ ಕೂರದ ಕೋಳಿಗಳನ್ನೇ ಆರಿಸಿ ಆರಿಸಿ ಬೆಳೆಸಿದರು. ಸಿಲ್ಕಿಗೆ ಆ ಗತಿ ಬರಲಿಲ್ಲ. ವರ್ಷಕ್ಕೆ ನೂರರ ಆಸುಪಾಸು ಮೊಟ್ಟೆ ಕೊಡುವ ಈ ಕೋಳಿಯನ್ನು ಜನ ಇಟ್ಟುಕೊಂಡಿದ್ದೇ ಅದರ ಅಂದಕ್ಕೆ ಮತ್ತು ತಾಯ್ತನಕ್ಕೆ. ಬ್ರಿಟನ್ನಿನಲ್ಲಿ ಫೆಸೆಂಟ್ ಹಕ್ಕಿಯ ಮೊಟ್ಟೆಗಳನ್ನು ಮರಿ ಮಾಡಿಸಲು ಸಿಲ್ಕಿಯನ್ನೂ ಅದರ ಬೆರಕೆ ಕೋಳಿಗಳನ್ನೂ ಬಳಸುತ್ತಿದ್ದರು. ಕೋಳಿಮೊಟ್ಟೆಗೆ 21 ದಿನ ಸಾಕು, ಬಾತುಕೋಳಿ ಮೊಟ್ಟೆ ಇಟ್ಟರೆ 28 ದಿನವೂ ಕೂರುತ್ತದೆ.

ಸಿಲ್ಕಿಯ ಮೂಲ ಚೀನಾ. 13ನೇ ಶತಮಾನದಲ್ಲಿ ಅಲ್ಲಿ ಓಡಾಡಿದ ಮಾರ್ಕೋ ಪೋಲೋ, ಬೆಕ್ಕಿನ ಹಾಗೆ ಕೂದಲಿರುವ ಕೋಳಿಗಳ ಸುದ್ದಿ ಹೇಳಿದ್ದಾನೆ. ಬಿಳಿ ಸಿಲ್ಕಿಯ ರೋಮ ಬಿಡಿಸಿ ನೋಡಿ, ಒಳಗೆ ಚರ್ಮ ನೀಲಿಗಪ್ಪು. ಮಾಂಸ, ಮೂಳೆ ಕೂಡ ಕಪ್ಪೇ. ಮಧ್ಯಪ್ರದೇಶದ ಝಾಬುವಾ ಕಡೆಯ ಕಡಕ್‌ನಾಥ್ ಕೋಳಿ ಕಪ್ಪಾಗಿರುವುದಕ್ಕೂ ಸಿಲ್ಕಿಯಲ್ಲಿರುವ ಜೀನ್ ಬದಲಾವಣೆಯೇ ಕಾರಣ. ಸಿಲ್ಕಿಯ ಕಾಲಿಗೆ ನಾಲ್ಕರ ಬದಲು ಐದು ಬೆರಳು. ಆದರೆ ಸಾಕುವವರು ಮರೆಯಬಾರದ್ದು ಅದರ ಪುಕ್ಕ. ಬೇರೆ ಕೋಳಿಗಳ ಪುಕ್ಕದ ಎಳೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೊಕ್ಕೆಗಳಿರುತ್ತವೆ. ಅವು ಒಂದಕ್ಕೊಂದು ಸಿಕ್ಕಿಕೊಂಡು ಪುಕ್ಕ ಹಾಳೆಯಾಗಿ ನಿಲ್ಲುತ್ತದೆ, ನೀರು ಜಾರಿಹೋಗುತ್ತದೆ. ಸಿಲ್ಕಿಯಲ್ಲಿ ಆ ಕೊಕ್ಕೆ ಸರಿಯಾಗಿ ಬೆಳೆಯುವುದಿಲ್ಲ. ಎಳೆಗಳು ಬಿಡಿಬಿಡಿಯಾಗಿ ರೇಷ್ಮೆಯಂತೆ ಉದುರುದುರಾಗಿ ನಿಲ್ಲುತ್ತವೆ. ನೋಡಲು ಚೆಂದ. ಆದರೆ ಹಾರಲು ಆಗದು, ಮಳೆಗೆ ಸಿಕ್ಕರೆ ಚರ್ಮದವರೆಗೂ ತೊಪ್ಪೆ.

ಕಾವು ಕೊಡುವುದನ್ನು ಸಿಲ್ಕಿಗೆ ಯಾರೂ ಕಲಿಸಬೇಕಿಲ್ಲ. ಅದು ಮರೆಯುವುದು ತನ್ನ ಹೊಟ್ಟೆಯನ್ನು. ಅದನ್ನು ನೋಡಿಕೊಳ್ಳುವುದೇ ನಮ್ಮ ಕೆಲಸ.

ದಿನಕ್ಕೆ ಒಂದೇ ಸಲ, ಕಾಲು ಗಂಟೆಯೋ ಇಪ್ಪತ್ತು ನಿಮಿಷವೋ ಎದ್ದು ಬರುತ್ತದೆ. ಗಬಗಬ ತಿಂದು, ನೀರು ಕುಡಿದು, ಒಂದು ದೊಡ್ಡ ನಾರುವ ಹಿಕ್ಕೆ ಹಾಕಿ ವಾಪಸ್. ಆ ಹಿಕ್ಕೆ ಕಂಡರೆ ಸಮಾಧಾನ ಪಟ್ಟುಕೊಳ್ಳಿ, ಕೋಳಿ ಸರಿಯಾಗಿದೆ. ಕೆಲವು ಸಿಲ್ಕಿಗಳು ಎದ್ದೇಳುವುದೇ ಇಲ್ಲ. ಅಂಥದ್ದನ್ನು ದಿನಾ ಒಂದು ಹೊತ್ತಿಗೆ ನಾವೇ ಎತ್ತಿ ಕಾಳು, ನೀರಿನ ಮುಂದೆ ಬಿಡಬೇಕು. ಎತ್ತುವ ಮೊದಲು ರೆಕ್ಕೆಯ ಸಂದಿಯಲ್ಲಿ ಬೆರಳಾಡಿಸಿ ನೋಡಿ. ಅಲ್ಲಿ ಮೊಟ್ಟೆ ಸಿಕ್ಕಿಕೊಂಡಿರುತ್ತದೆ, ಸುಮ್ನೆ ಎತ್ತಿದರೆ ಬಿದ್ದು ಒಡೆಯುತ್ತದೆ. ಕೆಳಗೆ ಬಿಟ್ಟಾಗ ಅರೆ ನಿಮಿಷ ಮಂಕಾಗಿ ಕೂತೇ ಇರುತ್ತದೆ. ಆಮೇಲೆ ಕಣ್ಣು ಪಿಳಿಪಿಳಿ ಮಾಡಿ, ಮೈ ಕೊಡವಿ ಏಳುತ್ತದೆ. ಅರ್ಧ ಗಂಟೆ ಹೊರಗಿದ್ದರೆ ಮೊಟ್ಟೆಗೆ ಏನೂ ಆಗುವುದಿಲ್ಲ.

ಇನ್ನೊಂದು ಅಪಾಯ ಹೇನು ಮತ್ತು ನುಸಿ. ಕಾವು ಕೂತ ಕೋಳಿ ಮಣ್ಣಿನಲ್ಲಿ ಹೊರಳುವುದನ್ನು ಬಿಟ್ಟುಬಿಡುತ್ತದೆ. ಬೆಚ್ಚಗಿನ ದಟ್ಟ ರೋಮ ಸಿಕ್ಕರೆ ಹೇನಿಗೆ ಇನ್ನೇನು ಬೇಕು? ಕೆಂಪು ನುಸಿ ಹಗಲು ಹಲಗೆಯ ಸಂದಿಯಲ್ಲಿದ್ದು ರಾತ್ರಿ ಬಂದು ರಕ್ತ ಹೀರುತ್ತದೆ. ಕತ್ತಲಾದ ಮೇಲೆ ಟಾರ್ಚ್ ಹಿಡಿದು ಗೂಡು ನೋಡಿ. ಕೂರಿಸುವ ಮೊದಲೇ ಗೂಡು ತೊಳೆದು ಒಣಗಿಸಿ, ಹೊಸ ಹುಲ್ಲು ಹಾಕುವುದು ಎಲ್ಲಕ್ಕಿಂತ ಒಳ್ಳೆಯದು. ಪಕ್ಕದಲ್ಲೇ ಒಣಮಣ್ಣು, ಬೂದಿ ಇಟ್ಟರೆ ಎದ್ದಾಗ ಹೊರಳಬಹುದು.

ಸಿಲ್ಕಿ ಚಿಕ್ಕ ಕೋಳಿ. ಅದರದ್ದೇ ಮೊಟ್ಟೆಯಾದರೆ ಏಳೆಂಟು ಇಡಬಹುದು, ದೊಡ್ಡ ತಳಿಯದ್ದಾದರೆ ನಾಲ್ಕೈದು ಸಾಕು. ಅಂಗಡಿಯ ಫಾರಂ ಮೊಟ್ಟೆ ಇಟ್ಟರೆ ಮರಿ ಬರುವುದಿಲ್ಲ, ಆ ಕೋಳಿಗಳ ಜೊತೆ ಹುಂಜವೇ ಇರುವುದಿಲ್ಲ. ಎಲ್ಲ ಮೊಟ್ಟೆಗಳನ್ನೂ ಒಂದೇ ರಾತ್ರಿ ಇಟ್ಟು, ಪೆನ್ಸಿಲಿನಿಂದ ಗುರುತು ಹಾಕಿ. ಗುರುತಿಲ್ಲದ್ದು ಕಂಡರೆ ಬೇರೆ ಹೇಟೆ ಬಂದು ಇಟ್ಟು ಹೋಗಿದೆ ಎಂದರ್ಥ, ತೆಗೆದುಬಿಡಿ. ಜಾಗ ಬದಲಿಸಬೇಕಿದ್ದರೂ ರಾತ್ರಿಯೇ ಮಾಡಿ, ಹಗಲಾದರೆ ಹಳೇ ಜಾಗಕ್ಕೇ ಓಡುತ್ತದೆ. ಏಳನೇ ದಿನ ಕತ್ತಲೆಯಲ್ಲಿ ಮೊಬೈಲ್ ಟಾರ್ಚಿಗೆ ಮೊಟ್ಟೆ ಹಿಡಿದರೆ ಕೆಂಪು ನರಗಳು ಕಾಣುತ್ತವೆ. ಏನೂ ಕಾಣದೆ ತಿಳಿಯಾಗಿದ್ದರೆ ಅದರಲ್ಲಿ ಮರಿ ಇಲ್ಲ.

ಕೊನೆಯ ಮೂರು ದಿನ ಕೈ ಹಾಕಬೇಡಿ. 20ನೇ ದಿನದ ಹೊತ್ತಿಗೆ ಮರಿ ಮೊಟ್ಟೆಯೊಳಗಿನ ಗಾಳಿಯ ಜಾಗಕ್ಕೆ ಕೊಕ್ಕು ಚುಚ್ಚಿ ಮೊದಲ ಉಸಿರು ಎಳೆಯುತ್ತದೆ. ಕಿವಿಗೊಟ್ಟರೆ ಚಿಪ್ಪಿನೊಳಗಿಂದ ಚಿಂವ್ ಚಿಂವ್ ಕೇಳುತ್ತದೆ. ಹೇಟೆ ಕೆಳದನಿಯಲ್ಲಿ ಲೊಚಗುಟ್ಟಿ ಉತ್ತರ ಕೊಡುತ್ತದೆ. ಬಿರುಕು ಬಿಟ್ಟಮೇಲೂ ಮರಿ ಹೊರಬರಲು ಅರ್ಧ ದಿನ, ಕೆಲವೊಮ್ಮೆ ಒಂದು ದಿನ ಬೇಕು. ಆಗ ಚಿಪ್ಪು ಬಿಡಿಸಿ ಸಹಾಯ ಮಾಡಲು ಹೋಗಬಾರದು. ಒಳಪೊರೆಯಲ್ಲಿ ಇನ್ನೂ ರಕ್ತ ಹರಿಯುತ್ತಿರುತ್ತದೆ, ಉಳಿದ ಹಳದಿ ಮರಿಯ ಹೊಟ್ಟೆಗೆ ಸೇರುತ್ತಿರುತ್ತದೆ. ಆ ಹಳದಿಯೇ ಮೊದಲ ಎರಡು ದಿನದ ಬುತ್ತಿ. ಅದಿರುವುದರಿಂದಲೇ ತಾಯಿ ಹಿಂದುಳಿದ ಮೊಟ್ಟೆಗಳಿಗಾಗಿ ಕಾಯಬಲ್ಲದು.

ಇಲ್ಲಿಂದ ಸಿಲ್ಕಿಯ ಪುಕ್ಕದ ಮೇಲೆ ಕಣ್ಣಿರಲಿ. ತಾಯಿಯ ಹೊಟ್ಟೆಯಡಿಯ ಉದ್ದ ಎಳೆಗಳು ಒದ್ದೆ ಮರಿಯ ಕುತ್ತಿಗೆಗೋ ಕಾಲಿಗೋ ಸುತ್ತಿಕೊಳ್ಳುತ್ತವೆ. ತಾಯಿ ಎದ್ದಾಗ ಮರಿ ನೇತಾಡುತ್ತದೆ, ಬಿಗಿದರೆ ಸತ್ತೇ ಹೋಗುತ್ತದೆ. ಮರಿ ಹೊರಬರುವ ವಾರಕ್ಕೆ ಮೊದಲೇ ಹೊಟ್ಟೆಯಡಿಯ, ಕಾಲಿನ ಉದ್ದ ಎಳೆಗಳನ್ನು ಕತ್ತರಿಯಿಂದ ಮೋಟು ಮಾಡಿ. ಐದು ನಿಮಿಷದ ಕೆಲಸ, ದಯವಿಟ್ಟು ತಪ್ಪಿಸಬೇಡಿ. ಕಣ್ಣು ಮುಚ್ಚುವ ಜುಟ್ಟನ್ನೂ ಸ್ವಲ್ಪ ಕತ್ತರಿಸಿದರೆ ತಾಯಿಗೆ ಮರಿಗಳು ಸರಿಯಾಗಿ ಕಾಣುತ್ತವೆ.

ನೀರಿನ ತಟ್ಟೆ ತೀರಾ ಆಳ ಇಲ್ಲದ್ದು ಬೇಕು, ಅದರಲ್ಲಿ ಬೆಣಚುಕಲ್ಲು ಹಾಕಿಡಿ. ಮೊಟ್ಟೆ ಕೋಳಿಯ ಆಹಾರ ಮರಿಗೆ ಬೇಡ, ಅದರಲ್ಲಿನ ಜಾಸ್ತಿ ಸುಣ್ಣ ಮೂತ್ರಪಿಂಡ ಕೆಡಿಸುತ್ತದೆ. ಮರಿಗಳ ಸ್ಟಾರ್ಟರ್ ಆಹಾರವನ್ನೇ ತಾಯಿಯೂ ತಿನ್ನಲಿ, ಹೇಗೂ ಅದು ಈಗ ಮೊಟ್ಟೆ ಇಡುತ್ತಿಲ್ಲ. ತಿನ್ನುವುದನ್ನು ಕಲಿಸುವ ಕೆಲಸ ತಾಯಿಯದ್ದು. ಕಾಳನ್ನು ಕುಕ್ಕಿ ಎತ್ತಿ, ಬೀಳಿಸಿ, ಕರೆದು ತೋರಿಸುತ್ತದೆ. 1990ರ ದಶಕದಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದ ಕ್ರಿಸ್ಟೀನ್ ನಿಕೋಲ್ ಅವರ ತಂಡ ಇದನ್ನು ಪರೀಕ್ಷಿಸಿತು. ಇಂಥ ಬಣ್ಣದ ಆಹಾರ ರುಚಿಯಿಲ್ಲ ಎಂದು ಹೇಟೆಗೆ ಅಭ್ಯಾಸ ಮಾಡಿಸಿ, ಮರಿಗಳು ಅದನ್ನೇ ತಿನ್ನುವುದು ಅದಕ್ಕೆ ಕಾಣುವಂತೆ ಮಾಡಿದರು. ಹೇಟೆ ಇನ್ನೂ ಜೋರಾಗಿ ಕುಕ್ಕಿ, ಕೆದಕಿ ಮರಿಗಳ ಗಮನ ಸೆಳೆಯಿತು. ಮರಿ ತಪ್ಪು ಮಾಡುತ್ತಿದೆ ಅನ್ನುವುದು ಅದಕ್ಕೆ ಗೊತ್ತಾಗುತ್ತದೆ ಅಲ್ವಾ?

ರೋಗದ ವಿಷಯದಲ್ಲಿ ಮಾತ್ರ ತಾಯಿ ಏನೂ ಮಾಡಲಾರದು. ಕೊಕ್ಕರೆ ರೋಗಕ್ಕೆ (ರಾಣಿಖೇತ್) ಮೊದಲ ವಾರದಲ್ಲೇ ಲಸಿಕೆ ಹಾಕಿಸಿ. ಕಾಲು, ರೆಕ್ಕೆಗೆ ಲಕ್ವ ಹೊಡೆಸುವ ಮ್ಯಾರೆಕ್ಸ್ ರೋಗ ಸಿಲ್ಕಿಗಳಿಗೆ ಬೇಗ ತಗಲುತ್ತದೆ, ಅದರ ಲಸಿಕೆ ಹುಟ್ಟಿದ ದಿನವೇ ಆಗಬೇಕು. ಮೂರು ವಾರದ ಮೇಲೆ ಮರಿ ರೆಕ್ಕೆ ಜೋಲಿಸಿ, ಹಿಕ್ಕೆಯಲ್ಲಿ ರಕ್ತ ಕಂಡರೆ ಕಾಕ್ಸಿಡಿಯೋಸಿಸ್ ಎಂಬ ಕರುಳಿನ ರೋಗ ಇರಬಹುದು, ಕೂಡಲೇ ಪಶುವೈದ್ಯರಿಗೆ ತೋರಿಸಿ. ನೆಲಕ್ಕೆ ಹಾಸಿದ ಹೊಟ್ಟು ಒದ್ದೆಯಾದರೆ ಅದು ಬೇಗ ಹರಡುತ್ತದೆ. ಕೆಲವು ಸಿಲ್ಕಿಗಳ ಜುಟ್ಟಿನಡಿ ತಲೆಬುರುಡೆ ಪೂರ್ತಿ ಮುಚ್ಚಿರುವುದಿಲ್ಲ. ದೊಡ್ಡ ಕೋಳಿ ಒಂದು ಸಲ ಕುಕ್ಕಿದರೂ ಜೀವಕ್ಕೆ ಅಪಾಯ, ಹಾಗಾಗಿ ಸಿಲ್ಕಿಗಳನ್ನು ಬೇರೆಯೇ ಬಿಡಿ.

ಆರರಿಂದ ಎಂಟು ವಾರಕ್ಕೆ ತಾಯಿ ಮರಿಗಳನ್ನು ಕುಕ್ಕಿ ದೂರ ಮಾಡಿ, ಮತ್ತೆ ಮೊಟ್ಟೆ ಶುರು ಮಾಡುತ್ತದೆ. ಸ್ವಲ್ಪ ದಿನಕ್ಕೆ ಮತ್ತೆ ಕಾವು. ಆಗ ಎದೆಮೂಳೆ ಮುಟ್ಟಿ ನೋಡಿ. ಅಲಗಿನಂತೆ ಕೈಗೆ ಸಿಕ್ಕರೆ ಕೋಳಿ ಸೊರಗಿದೆ ಎಂದರ್ಥ, ಈ ಸಲ ಕೂರಿಸಬೇಡಿ. ಕಾವು ಬಿಡಿಸಲು ನೀರಲ್ಲಿ ಅದ್ದುವುದು, ಮೂಗಿಗೆ ಪುಕ್ಕ ಚುಚ್ಚುವುದು ನಮ್ಮ ಹಳ್ಳಿಗಳ ರೂಢಿ. ಸಿಲ್ಕಿಗೆ ಎರಡೂ ಬೇಡ. ಒದ್ದೆಯಾದರೆ ಒಣಗಲು ಎಷ್ಟೋ ಹೊತ್ತು ಬೇಕು, ಚುಚ್ಚುವುದು ಬರೀ ಹಿಂಸೆ. ತಂತಿ ತಳದ ಪಂಜರವನ್ನು ನೆಲದಿಂದ ಎತ್ತರಿಸಿ, ಹುಲ್ಲಿಲ್ಲದೆ, ಕಾಳು ನೀರು ಇಟ್ಟು, ಬೆಳಕಿರುವ ಜಾಗದಲ್ಲಿ ಮೂರ್ನಾಲ್ಕು ದಿನ ಬಿಡಿ. ಕೆಳಗಿನಿಂದ ಗಾಳಿಯಾಡಿ ಹೊಟ್ಟೆ ತಣ್ಣಗಾಗುತ್ತದೆ, ಬರಿಚರ್ಮಕ್ಕೆ ಗೂಡಿನ ಸ್ಪರ್ಶ ತಪ್ಪುತ್ತದೆ, ಪ್ರೊಲ್ಯಾಕ್ಟಿನ್ ಇಳಿಯುತ್ತದೆ. ಹೊರಗೆ ಬಿಟ್ಟಾಗ ಗೂಡಿನ ಕಡೆ ಓಡದೆ ಮಣ್ಣು ಕೆದಕಲು ಹೋದರೆ ಕಾವು ಬಿಟ್ಟಿದೆ. ಗೂಡಿಗೇ ಓಡಿದರೆ ಇನ್ನೆರಡು ದಿನ ಪಂಜರದಲ್ಲಿರಲಿ.