ನಿಮ್ಮ ಬೀದಿಯಲ್ಲಿ ಮನೆ ಎಷ್ಟಕ್ಕೆ ಹೋಯಿತು?

ಬ್ಯಾಂಕುಗಳಿಗೆ ಮನೆ, ಸೈಟುಗಳ ಬೆಲೆ ಕಟ್ಟಿಕೊಡುವುದು ನನ್ನ ಕೆಲಸ. ಕಳೆದ ವರ್ಷ ಮೈಸೂರಿನ ಕುವೆಂಪುನಗರದಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಕರೆದಿದ್ದರು. ಮನೆ ಮಾರಿ ಮಗಳ ಊರಿಗೆ ಹೋಗುವ ಯೋಚನೆ. ನಾನು ಟೇಪು ಬಿಚ್ಚುವ ಮೊದಲೇ ಕೇಳಿದರು, "ಹಿಂದಿನ ರಸ್ತೆಯವರು ಒಂದೂವರೆ ಕೋಟಿ ಹೇಳ್ತಿದ್ದಾರೆ ಸಾರ್. ನಮ್ಮದೂ ಅಷ್ಟು ಬರಬೇಕಲ್ವಾ?"

"ಮೇಷ್ಟ್ರೇ, ಅವರ ಮನೆ ಹೋಯ್ತಾ?"

ಹೋಗಿರಲಿಲ್ಲ. ಬರುವ ದಾರಿಯಲ್ಲಿ ಆ 'ಮಾರಾಟಕ್ಕಿದೆ' ಬೋರ್ಡು ನೋಡಿದ್ದೆ. ಕೆಂಪು ಅಕ್ಷರಗಳು ಬಿಸಿಲಿಗೆ ಮಾಸಿ ಗುಲಾಬಿಯಾಗಿದ್ದವು. ಅಷ್ಟು ದಿನ ತೂಗಿದ ಬೋರ್ಡಿನ ಬೆಲೆಯನ್ನು ನಂಬಬೇಡಿ. ಮನೆ ಮಾರುವ ವೆಬ್‌ಸೈಟುಗಳಲ್ಲಿ ಕಾಣುವುದೂ ಹೇಳುವ ಬೆಲೆಯೇ. ನೀವು ಹುಡುಕಬೇಕಾದದ್ದು ಹೋದ ಬೆಲೆಯನ್ನು.

ಅದು ಸಿಗುವುದು ಬೀದಿಯಲ್ಲೇ. ಇಸ್ತ್ರಿ ಗಾಡಿಯವರಿಗೆ, ಮೂಲೆಯ ಅಂಗಡಿಯವರಿಗೆ ಯಾವ ಮನೆ ಕೈ ಬದಲಾಯಿತು ಅನ್ನೋದು ಮೊದಲು ಗೊತ್ತಾಗುತ್ತದೆ. ಅಲ್ಲಿಂದ ಕೊಂಡವರ ಮನೆಗೇ ಹೋಗಿ ಕೇಳಿ. ನೋಂದಣಿ ಮುಗಿದ ಮೇಲೆ ಹೆಚ್ಚಿನವರು ಹೇಳುತ್ತಾರೆ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಆ ಆಸ್ತಿಯ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿದರೆ ಕ್ರಯಪತ್ರದಲ್ಲಿ ಬರೆದ ಮೊತ್ತ ಕಾಣುತ್ತದೆ. ಪತ್ರದಲ್ಲಿ ಕಡಿಮೆ ಬರೆಸುವ ಕೆಟ್ಟ ಚಾಳಿ ಇನ್ನೂ ಇರುವುದರಿಂದ ಅದೊಂದನ್ನೇ ನೆಚ್ಚಬೇಡಿ. ಆದರೆ ಯಾವ ತಿಂಗಳು ಮಾರಾಟವಾಯಿತು ಎಂಬುದು ಅದರಿಂದ ಖಚಿತವಾಗುತ್ತದೆ. ಮೂರು ವರ್ಷ ಹಳೆಯ ಬೆಲೆ ಇಟ್ಟುಕೊಂಡು ಇವತ್ತಿನ ಲೆಕ್ಕ ಹಾಕಬಾರದು.

ಇನ್ನೊಂದು ಮಾತು. ಮನೆಯನ್ನು ಮನೆಗೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಸೈಟು ಬೇರೆ, ಕಟ್ಟಡ ಬೇರೆ ಮಾಡಿ ನೋಡಿ. ಮೇಷ್ಟ್ರದು 30-40ರ ಸೈಟು, ಅಂದರೆ 1,200 ಚದರ ಅಡಿ. ಆ ಸಾಲಿನಲ್ಲಿ ಅಡಿಗೆ 8,000 ರೂಪಾಯಿ ನಡೆದಿತ್ತು. ಸೈಟಿಗೆ 96 ಲಕ್ಷ ಆಯಿತು. ಮನೆ 12 ಚದರ; ಒಂದು ಚದರ ಅಂದರೆ 100 ಚದರ ಅಡಿ. ಇವತ್ತು ಕಟ್ಟಿಸಿದರೆ ಚದರಕ್ಕೆ 2 ಲಕ್ಷದಂತೆ 24 ಲಕ್ಷ. ಆದರೆ ಕಟ್ಟಡದ ಆಯಸ್ಸು 60 ವರ್ಷ ಎಂದು ಹಿಡಿದರೆ ಅರ್ಧ ಆಗಲೇ ಕಳೆದಿದೆ. ಉಳಿದದ್ದು 12 ಲಕ್ಷ. ಎರಡೂ ಸೇರಿ ಒಂದು ಕೋಟಿ ಎಂಟು ಲಕ್ಷ. ಹಿಂದಿನ ರಸ್ತೆಯ ಮನೆಯೋ, ಅಗಲ ರಸ್ತೆಯ ಮೂಲೆ ಸೈಟು, ಪೂರ್ವಕ್ಕೆ ಬಾಗಿಲು. ಎರಡಕ್ಕೂ ಒಂದೇ ಬೆಲೆ ಹೇಗಾಗುತ್ತದೆ?

ಇದನ್ನು ಕೇಳಿ ಮೇಷ್ಟ್ರ ಮನೆಯವರ ಮುಖ ಸಣ್ಣದಾಯಿತು. ಆ ಮೊಸಾಯಿಕ್ ನೆಲವನ್ನು ಮೂವತ್ತು ವರ್ಷ ಒರೆಸಿ ಹೊಳಪು ಉಳಿಸಿದವರು ಅವರು. ಕೊಳ್ಳುವವರು ಅದನ್ನು ಕೆಡವಿ ಹೊಸದು ಕಟ್ಟಬಹುದು ಎಂದು ಹೇಳುವಾಗ ನನಗೂ ಸಂಕಟವೇ.

ಸರ್ಕಾರದ ಮಾರ್ಗಸೂಚಿ ದರವನ್ನೂ ನೋಡಿಕೊಳ್ಳಿ. ರಾಜ್ಯದಾದ್ಯಂತ 2023ರ ಅಕ್ಟೋಬರ್ 1ರಿಂದ ಅದು ಪರಿಷ್ಕರಣೆಯಾಯಿತು. ಅದು ಮಾರುಕಟ್ಟೆ ಬೆಲೆಯಲ್ಲ, ನೋಂದಣಿ ಶುಲ್ಕಕ್ಕೆ ಇಟ್ಟ ಕನಿಷ್ಠ ಲೆಕ್ಕ. ಆದರೂ ಮಾರುವವರಿಗೆ ಅದರ ಬಿಸಿ ತಟ್ಟುತ್ತದೆ. ನೀವು ಮಾರಿದ ಬೆಲೆಗಿಂತ ಆ ಮೌಲ್ಯ ಶೇ. 10ಕ್ಕೂ ಜಾಸ್ತಿ ಇದ್ದರೆ, ಆದಾಯ ತೆರಿಗೆಯವರು ಆ ಮೌಲ್ಯವನ್ನೇ ನಿಮ್ಮ ಮಾರಾಟ ಬೆಲೆ ಎಂದು ಹಿಡಿಯುತ್ತಾರೆ. ಕೈಗೆ ಬಾರದ ಹಣಕ್ಕೂ ತೆರಿಗೆ ಕಟ್ಟಬೇಕಾಗುತ್ತದೆ.

ಎರಡು ವಾರ ಬಿಟ್ಟು ಮೇಷ್ಟ್ರು ನನ್ನ ಕಚೇರಿಗೆ ಬಂದರು. ಕೈಯಲ್ಲಿ ನೋಟ್‌ಬುಕ್. ಸ್ಕೇಲು ಹಿಡಿದು ಗೆರೆ ಎಳೆದಿದ್ದರು: ಅಳತೆ, ದಿಕ್ಕು, ರಸ್ತೆಯ ಅಗಲ, ಮಾರಿದ ತಿಂಗಳು, ಬೆಲೆ. ಒಟ್ಟು ಐದು ಮನೆ. ಅದರಲ್ಲಿ ಎರಡು ನನಗೇ ಗೊತ್ತಿರಲಿಲ್ಲ.

"ಒಂದು ಕೋಟಿ ಹದಿನೈದು ಹೇಳೋಣ. ಎಂಟಕ್ಕಿಂತ ಕೆಳಗೆ ಇಳಿಯೋದು ಬೇಡ, ಅಲ್ವಾ?" ಅಂದರು.

ನನ್ನ ಲೆಕ್ಕವೂ ಅಲ್ಲೇ ನಿಂತಿತ್ತು.